ಹೆಸರಿಗೆ ಹತ್ತಿದ ತುಕ್ಕು

ರಾಣೆಬೆನ್ನೂರಿನ ದಾದಾಪೀರರ ಭಾಂಡೆ ಅಂಗಡಿಯಲ್ಲಿ ಮದುವೆ ಸೀಜನ್ನು ಬಂತೆಂದರೆ ಅರುಣಾಳ ಬೆರಳಿಗೆ ಬಿಡುವಿಲ್ಲ. ತಂಬಿಗೆಯಾಗಲಿ, ತಾಟಾಗಲಿ, ಹೆಸರು ಹಾಕಿಸದೆ ಯಾರೂ ಒಯ್ಯುವುದಿಲ್ಲ. ಕೊಟ್ಟವರ ಹೆಸರು ಪಾತ್ರೆಯ ಮೇಲೆ ಕಾಣದಿದ್ದರೆ ಕೊಟ್ಟದ್ದು ಕೊಟ್ಟಂತೆಯೇ ಅಲ್ಲ ಎಂಬುದು ಈ ಕಡೆಯ ರೂಢಿ. ಅಂಗಡಿಯ ಹಿಂದಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಜುಂಯ್ ಎನ್ನುವ ಮಷಿನ್ ಪೆನ್ನು ಹಿಡಿದು, ಅವಳು ದಿನವಿಡೀ ಕಂಡವರ ಹೆಸರು ಕೊರೆಯುತ್ತಿದ್ದಳು. ಬಿ.ಕಾಂ. ಮುಗಿಸಿದ ಹುಡುಗಿಗೆ ಇದೇನು ಕೆಲಸ ಎಂದು ಓಣಿಯವರು ಆಡಿಕೊಂಡರೂ ಅವಳಿಗೆ ಈ ಕೆಲಸ ಹಿಡಿಸಿತ್ತು. ಇಲ್ಲಿ ಯಾರ ಜೊತೆಗೂ ಮಾತಾಡಬೇಕಾಗಿರಲಿಲ್ಲ. ತಲೆ ಎತ್ತದೆಯೇ ದಿನ ಕಳೆಯುತ್ತಿತ್ತು.

ಆ ದಿನ ಬೆಳಿಗ್ಗೆ ಗೂಡ್ಸ್ ಗಾಡಿಯೊಂದು ಒಂದಿಷ್ಟು ರಟ್ಟಿನ ಡಬ್ಬಿಗಳನ್ನು ಇಳಿಸಿ ಹೋಯಿತು. ದಾದಾಪೀರರು ಒಂದು ಚೀಟಿ ತಂದು ಅವಳ ಮುಂದಿಟ್ಟರು.

"ಬ್ಯಾಡಗಿ ಪಾರ್ಟಿ, ತಂಗಿ. ಸ್ಟೀಲ್ ನೀರಿನ ಬಾಟಲಿ. ಮಾಲು ಅವರದ, ಹೆಸರು ಹಾಕೂದಷ್ಟ ನಮ್ದು. ಮೊದ್ಲ ನಾಕೈದು ಬರದು ಕೊಡು, ಮನ್ಯಾಗ ತೋರಸ್ತಾರಂತ."

ಅರುಣಾ ಚೀಟಿ ನೋಡಿದಳು. 'ಚಿ. ಪ್ರವೀಣಕುಮಾರ, ಚಿ. ಸೌ. ಶೀಲಾ ಇವರ ವಿವಾಹದ ನೆನಪಿಗಾಗಿ. ಅಂದಾನೆಪ್ಪ ಮತ್ತು ಪರಿವಾರ, ಬ್ಯಾಡಗಿ.'

"ಯಾಕ ತಂಗಿ, ಅಕ್ಷರ ತಿಳಿಯವಲ್ವೇನು?"

"ತಿಳೀತಾವ, ಚಾಚಾ."

ತಿಳಿಯದೆ ಏನು? ಆ ಮೊದಲನೆಯ ಹೆಸರನ್ನು ಕಾಲೇಜಿನ ದಿನಗಳಲ್ಲಿ ಅವಳು ಎಷ್ಟು ಸಲ, ಎಲ್ಲೆಲ್ಲಿ ಬರೆದು ಹೊಡೆದುಹಾಕಿದ್ದಳೋ. ಪ್ರವೀಣ ಬ್ಯಾಡಗಿಯಿಂದ ರೈಲಿನಲ್ಲಿ ಬರುತ್ತಿದ್ದ, ಅವಳು ಮೇಡ್ಲೇರಿ ಬಸ್ಸಿನಲ್ಲಿ. ಅವನು ಮಾತಾಡುತ್ತಿದ್ದ, ಅವಳು ಕೇಳುತ್ತಿದ್ದಳು. ಕೇಳುವುದು ಬಿಟ್ಟು ತಾನು ಬೇರೇನೂ ಮಾಡಬೇಕಿಲ್ಲ ಎಂಬುದೇ ಅವಳಿಗೆ ದೊಡ್ಡ ಸುಖವಾಗಿತ್ತು. ಹೋದ ವರ್ಷ ಒಂದು ಸಂಜೆ ರಾಣೆಬೆನ್ನೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅವನು ತಲೆ ಕೆಳಗೆ ಹಾಕಿ, "ನಮ್ಮ ಮನ್ಯಾಗ ಸಾಯ್ತಾರ ಹೊರ್ತು ಒಪ್ಪೂದಿಲ್ಲ, ಅರುಣಾ. ನಿಮ್ಮ ಮಂದಿ, ನಮ್ಮ ಮಂದಿ... ನಾ ಏನ ಮಾಡ್ಲಿ ಹೇಳು" ಎಂದು ಅತ್ತಿದ್ದ. ಖರೇನೇ ಅತ್ತಿದ್ದ. ಮೂಗು ಒರೆಸಿಕೊಳ್ಳಲು ಅವಳ ವೇಲಿನ ಚುಂಗನ್ನೇ ಎಳೆದುಕೊಂಡಿದ್ದ. ಕಳೆದುಕೊಂಡವಳು ತಾನಾದರೂ ಅವಳೇ ಅವನ ಬೆನ್ನು ಸವರಿ, "ಇರ್ಲಿ ಬಿಡು, ನಿಂದೇನ ತಪ್ಪು" ಎಂದು ಸಮಾಧಾನ ಮಾಡಿ ರೈಲು ಹತ್ತಿಸಿದ್ದಳು.

ಅಂದಿನಿಂದ ಅವಳು ಉಸಿರಾಡಿಕೊಂಡು ಬಂದದ್ದು ಆ ಅಳುವಿನ ಮೇಲೆಯೇ. ಅವನು ಸಿಗಲಿಲ್ಲ, ಸರಿ. ಆದರೆ ತನ್ನ ಸಲುವಾಗಿ ಒಬ್ಬ ಒಳ್ಳೆಯ ಹುಡುಗ ಅತ್ತಿದ್ದ. ಅವನ ಮನೆ ಕೆಟ್ಟದ್ದು, ಕಾಲ ಕೆಟ್ಟದ್ದು, ಅವನು ಕೆಟ್ಟವನಲ್ಲ. ಇದೊಂದನ್ನು ಯಾರೂ ತನ್ನಿಂದ ಕಸಿದುಕೊಳ್ಳದಿದ್ದರೆ ಸಾಕು, ಉಳಿದದ್ದನ್ನೆಲ್ಲ ಹೇಗೋ ತಡೆದುಕೊಂಡೇನು ಎಂದುಕೊಂಡಿದ್ದಳು.

ಅವಳು ಡಬ್ಬಿ ಬಿಚ್ಚಿ ಒಂದು ಬಾಟಲಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಪೆನ್ನು ಊರಿದಳು. 'ಪ್ರ' ಬಂತು. 'ವೀ' ಬರೆಯುವಾಗ ಪೆನ್ನು ಪುಟಿಯಿತು. ತಗಡು ತೀರ ತೆಳುವಾಗಿತ್ತು. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಒಂದು ಸ್ಟಿಕ್ಕರ್ ಇತ್ತು. ಅದರ ಮೇಲೆ ಐಎಸ್ಐ ಮಾರ್ಕಿನ ಚಿತ್ರವೂ ಇತ್ತು. ಆದರೆ ಮಾರ್ಕಿನ ಮೇಲ್ಗಡೆ ಇರಬೇಕಾದ ನಂಬರಿಲ್ಲ, ಕೆಳಗಡೆ ಲೈಸೆನ್ಸಿನ ನಂಬರೂ ಇಲ್ಲ. ಸರ್ಕಾರ ಈಚೆಗೆ ನೀರಿನ ಬಾಟಲಿಗಳಿಗೂ ಮಾರ್ಕು ಕಡ್ಡಾಯ ಮಾಡಿದ ಮೇಲೆ ದಾದಾಪೀರರು ಅಂಗಡಿಯ ಹಳೆಯ ಮಾಲನ್ನೆಲ್ಲ ವಾಪಸು ಕಳಿಸಿ, ಹೊಸದು ಬಂದಾಗಲೆಲ್ಲ ಅವಳಿಂದಲೇ ಮೊಬೈಲಿನ ಆ್ಯಪಿನಲ್ಲಿ ನಂಬರು ಹಾಕಿಸಿ, ಮಾಡಿದ ಕಂಪನಿಯ ಹೆಸರು ಬರುತ್ತದೋ ಇಲ್ಲವೋ ನೋಡಿಸುತ್ತಿದ್ದರು. ಇಲ್ಲಿ ಹಾಕಿ ನೋಡಲು ನಂಬರೇ ಇರಲಿಲ್ಲ.

ಸ್ಯಾಂಪಲ್ ಒಯ್ಯಲು ಮಧ್ಯಾಹ್ನ ಪ್ರವೀಣನೇ ಬಂದ. ಅವಳು ಆ ಅಂಗಡಿಯಲ್ಲಿ ಇರುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಒಂದು ಗಳಿಗೆ ನಿಂತ. ಆಮೇಲೆ ಬಾಟಲಿ ಎತ್ತಿ ನೋಡಿ ಹೇಳಿದ.

"ಅಕ್ಷರ ಇನ್ನೊಂದಿಷ್ಟು ದೊಡ್ಡವು ಬರೀರಿ, ಮೇಡಂ."

ಮೇಡಂ. ಅರುಣಾ ತಲೆ ತಗ್ಗಿಸಿದಳು. ಚಾಚಾ ಎದುರಿಗಿದ್ದಾರೆ, ಮತ್ತೇನೆಂದು ಕರೆಯಬೇಕು ಪಾಪ, ಎಂದು ತನಗೆ ತಾನೇ ಹೇಳಿಕೊಂಡಳು.

"ಇವಕ್ಕ ಮಾರ್ಕ್ ಇಲ್ರಿ," ಅಂದಳು ಮೆಲ್ಲಗೆ.

"ಇಲ್ಲೇನಿದು ಮತ್ತ?" ಅವನು ಸ್ಟಿಕ್ಕರಿನ ಮೇಲೆ ಬೆರಳಿಟ್ಟ.

"ಅದು ಬರೇ ಚಿತ್ರ. ಖರೇ ಮಾರ್ಕಿಗೆ ನಂಬರ್ ಇರ್ತಾವು. ಇದನ್ನ ಯಾರು ಮಾಡ್ಯಾರ, ಎಂಥಾ ಸ್ಟೀಲ್ ಹಾಕ್ಯಾರ, ಯಾರೂ ನೋಡಿಲ್ಲ."

ಪ್ರವೀಣ ನಕ್ಕ. ಕೌಂಟರಿನ ಮೇಲೆ ಬಿದ್ದಿದ್ದ ಮ್ಯಾಗ್ನೆಟ್ ತೆಗೆದುಕೊಂಡು ಬಾಟಲಿಗೆ ಹಚ್ಚಿ ಬಿಟ್ಟ. ಮ್ಯಾಗ್ನೆಟ್ ಟಪ್ಪೆಂದು ಕೆಳಗೆ ಬಿತ್ತು. "ಹತ್ತಿತೇನು? ಹತ್ಲಿಲ್ಲ. ಮ್ಯಾಗ್ನೆಟ್ ಹತ್ತದ್ದು ಚಲೋ ಸ್ಟೀಲ್. ನಮ್ಮಜ್ಜನ ಕಾಲದಿಂದ ಹಿಂಗ ನೋಡೂದು."

"ನಾನೂ ಹಂಗ ನೋಡ್ತಿದ್ದೆ, ಸಣ್ಣ ಸಾಹುಕಾರ್ರ," ಅಂದರು ದಾದಾಪೀರರು. "ಈಗಿನ ಕಳ್ಳರು ಮ್ಯಾಗ್ನೆಟ್ಟಿಗೂ ಟೋಪಿ ಹಾಕ್ತಾರ. ನಿಕ್ಕಲ್ ಕಡಿಮಿ ಮಾಡಿ ಮ್ಯಾಂಗನೀಸ್ ತುಂಬತಾರ. ಮ್ಯಾಗ್ನೆಟ್ ಅದಕ್ಕೂ ಹತ್ತೂದಿಲ್ಲ. ತುಕ್ಕು ಮಾತ್ರ ಹತ್ತತೈತಿ."

ಅಷ್ಟರಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಕೇಳಿಕೊಂಡು ಯಾರೋ ಬಂದರು. ಚಾಚಾ ಆ ಕಡೆ ಹೋದದ್ದೇ ಪ್ರವೀಣ ದನಿ ತಗ್ಗಿಸಿದ. ಹಳೆಯ ದನಿ.

"ಅರುಣಾ, ಇದನ್ನ ದೊಡ್ಡದು ಮಾಡಬ್ಯಾಡ. ಅಪ್ಪಾ ಈ ಕೆಲಸ ನನಗ ಒಪ್ಪಿಸ್ಯಾನ. ಇವೇನು ಬೀಗರಿಗಲ್ಲ. ಹಾವೇರಿ ಬೀಗರ ಮನಿಗೆ ಕಂಪನಿ ಬಾಟಲಿ ಆಗಲೇ ಹೋಗ್ಯಾವ. ಇವು ನಮ್ಮ ಮೆಣಸಿನಕಾಯಿ ಅಂಗಡಿ ಹಮಾಲ್ರಿಗೆ, ತೊಟ್ಟು ಬಿಡಸೂ ಹೆಂಗಸ್ರಿಗೆ."

"ಅವರೂ ನೀರು ಕುಡೀತಾರಲ್ಲ."

"ಅವರು ಹಳೇ ಎಣ್ಣಿ ಕ್ಯಾನದಾಗ ಕುಡೀತಾರವಾ! ಅದಕ್ಕಿಂತ ಇದು ಎಷ್ಟೋ ಪಾಡು."

ತನ್ನ ಅವ್ವ ಸೀಜನ್ನಿನಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆಂದು ಅರುಣಾ ಅವನಿಗೆ ಹಿಂದೆ ಹೇಳಿದ್ದಳು. ಹೇಳುವ ಮೊದಲು ಎಷ್ಟೋ ದಿನ ಅಳುಕಿದ್ದಳು. ಹೇಳಿದಾಗ ಅವನು, "ಅದರಾಗೇನೈತಿ, ದುಡಿಯೋ ಮಂದಿ" ಅಂದಿದ್ದ. ಈಗ ಮದುವೆಯ ಗದ್ದಲದಲ್ಲಿ ಮರೆತಿರಬೇಕು. ಅವಳು "ನಮ್ಮವ್ವ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ಫೋನು ಬಂತು. "ಹಾಂ ಶೀಲಾ, ಹೇಳು" ಎನ್ನುತ್ತ, ಬರೆದಿಟ್ಟಿದ್ದ ಸ್ಯಾಂಪಲ್ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿಬಿಟ್ಟ.

ಮನೆಗೆ ಬಂದರೆ ಅವ್ವ ಮಂಗಳವ್ವ ಹೊಸ್ತಿಲ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಅಪ್ಪ ಉಡಚಪ್ಪ ಮೇಡ್ಲೇರಿಯ ಹೊಲದಲ್ಲೇ ಇರುತ್ತಿದ್ದ. ಅವಳಿಗೆ ಕೆಲಸ ಸಿಕ್ಕ ಮೇಲೆ ಹಿಡಿದ ರಾಣೆಬೆನ್ನೂರಿನ ಮನೆಯಲ್ಲಿ ತಾಯಿ ಮಗಳು ಇಬ್ಬರೇ.

"ಯವ್ವಾ, ಕೇಳಿದೇನ? ಈಗ ಅಂದಾನೆಪ್ಪ ಸಾಹುಕಾರ್ರ ಅಂಗಡ್ಯಾಗ ಕೂಲಿ ನಮಗ. ಅವರ ಮಗಂದು ಮದುವಿ. ನಮಗೆಲ್ಲಾ ಸ್ಟೀಲ್ ಬಾಟಲಿ ಕೊಡ್ತಾರಂತ, ಹೆಸರು ಹಾಕಿಸಿದ್ದು! ಆ ಹುಡುಗ ಹೋದ ವಾರ ಒಂದು ತೋರಿಸಿದ. ಥಳಥಳ ಅಂತೈತಿ. ಮಜ್ಜಿಗಿ, ಹುಣಸಿಹಣ್ಣಿನ ನೀರು ಏನ ಒಯ್ದರೂ ಇನ್ನ ನನಗ ಚಿಂತಿ ಇಲ್ಲ ನೋಡು."

ಅರುಣಾ ಚಪ್ಪಲಿ ಬಿಡುತ್ತ ನಿಂತಲ್ಲೇ ನಿಂತಳು. ನಾಳೆ ಅವನಿಗೆ ಫೋನು ಮಾಡಿ ತಿಳಿಸಿ ಹೇಳಿದರಾಯಿತು, ಕೇಳುತ್ತಾನೆ, ಅವನು ಅಂಥವನಲ್ಲ, ಎಂದುಕೊಂಡಳು. ಮರುದಿನ ಮಾಡಿದಳು. ಅವನು ಎತ್ತಲಿಲ್ಲ. ಅದರ ಮರುದಿನವೂ ಎತ್ತಲಿಲ್ಲ.

ಆಮೇಲೆ ಬ್ಯಾಡಗಿಯಿಂದ ಫೋನು ದಾದಾಪೀರರಿಗೇ ಬಂತು. ಬಹಳ ಹೊತ್ತು ಅವರು "ಹೌದ್ರಿ, ಅಲ್ರಿ, ಕೇಳ್ರಿ ಇಲ್ಲಿ" ಅನ್ನುತ್ತಲೇ ಇದ್ದರು. ಫೋನು ಇಟ್ಟವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಏನಾತು, ಚಾಚಾ?"

"ಏನಾಗೂದು? ಅಂದಾನೆಪ್ಪನ ಹೆಂಡ್ತಿ ಪ್ರೇಮವ್ವ ಇಲ್ಲ? ಆ ತಾಯಿ ನೀ ಬರದ ಬಾಟಲಿ ಒಂದು ತಗೊಂಡು, ತೊಳದು ನೀರು ತುಂಬಿ, ಹಸೀನೇ ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದ ಇಟ್ಟಾಳ. ಮದುವಿ ಉಡುಗೊರಿ, ಮೊದಲನೇದು ದೇವರಿಗೆ ಅಂತ. ಎರಡ ದಿನ ಬಿಟ್ಟು ನೋಡಿದ್ರ ಅಕ್ಷರೆಲ್ಲಾ ಕೆಂಪಗ ತುಕ್ಕು ಹಿಡದು ಕುಂತಾವಂತ. ಮದುಮಕ್ಕಳ ಹೆಸರು, ದೇವರ ಮುಂದ! ಮನ್ಯಾಗ ರಂಪ ರಾಮಾಯಣ. ಬರದಾಕಿ ಯಾರು, ಆಕಿ ಕೈ ಎಂಥಾದ್ದು ಅಂತ ಕೇಳಾಕತ್ತಾರ."

"ಬಾಟಲಿ ಎಂಥಾದ್ದು ಅಂತ ಕೇಳಲಿಲ್ಲೇನ್ರಿ?"

ದಾದಾಪೀರರು ಅವಳ ಮುಖ ನೋಡದೆ ಹೇಳಿದರು. "ಬಾಟಲಿ ನಮ್ಮ ಅಂಗಡೀವು ಅಂತ ಹೇಳ್ಯಾನಂತ ಆ ಹುಡುಗ. ಬರದಾಕಿ ಕೊರದ ಮ್ಯಾಲ ಏನೋ ಔಷಧ ಹಚ್ಚಿರಬೇಕು ಅಂತನೂ ಅಂದಾನಂತ. ಈಗ ಹೆಸರು ಹಾಕೂದು ಬಿಟ್ಟು, ಉಳಿದ ಡಬ್ಬಿ ವಾಪಸ್ ತರಿಸಿ, ಬರೇ ಬಾಟಲಿ ಕೂಲಿಯವರಿಗೆ ಹಂಚತಾರಂತ. ಬ್ಯಾಡಗಿ ತುಂಬ ನನ್ನ ಅಂಗಡಿ ಹೆಸರು ಕೆಡತೈತಿ, ತಂಗಿ. ನಾ ಹೋಗಿ ಬರ್ತೇನಿ."

"ನಾನೂ ಬರ್ತೇನಿ."

"ನೀ ಯಾಕ? ಆ ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಬೀಳ್ತಿ."

"ಬರದಾಕಿ ನಾನ ಅಲ್ಲೇನ್ರಿ, ಚಾಚಾ."

ಹಳೆಯ ವ್ಯಾನಿನಲ್ಲಿ ಚಾಚಾ ದಾರಿಯುದ್ದಕ್ಕೂ ಒಂದಲ್ಲ ಒಂದು ಹೇಳುತ್ತಿದ್ದರು. ಅವಳ ಕಿವಿಗೆ ಏನೂ ಬೀಳಲಿಲ್ಲ. ಅವನು ಹಾಗೆ ಅಂದಿರಲಾರ. ಮನೆಯವರು ಬಾಯಿಂದ ಬಾಯಿಗೆ ತಿರುಚಿರಬೇಕು. ತನ್ನನ್ನು ಕಣ್ಣಾರೆ ಕಂಡರೆ ಖರೇ ಹೇಳಿಯೇ ಹೇಳುತ್ತಾನೆ. 'ನಾನ ತಂದೆ, ಗೊತ್ತಾಗಲಿಲ್ಲ' ಎಂದರೆ ಸಾಕು. ಅಷ್ಟಕ್ಕೆ ಯಾರ ತಲೆಯೂ ಹೋಗುವುದಿಲ್ಲ.

ಬ್ಯಾಡಗಿಯ ಮಾರ್ಕೆಟ್ ಯಾರ್ಡಿನ ಗೇಟು ದಾಟಿದಲ್ಲಿಂದ ಕೆಮ್ಮು ಶುರುವಾಯಿತು. ಎಲ್ಲಿ ನೋಡಿದರೂ ಕೆಂಪು ರಾಶಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲ ಹೊರುವ ಹಮಾಲರು. ಅಂದಾನೆಪ್ಪನವರ ಅಂಗಡಿಯ ಪಡಸಾಲೆಯಲ್ಲಿ ಹೆಂಗಸರ ಸಾಲು ಕೂತು ತೊಟ್ಟು ಬಿಡಿಸುತ್ತಿತ್ತು. ಎಲ್ಲರ ತಲೆ ಮೂಗಿಗೂ ಸೆರಗು, ಯಾರು ಯಾರೆಂದು ತಿಳಿಯುವಂತಿರಲಿಲ್ಲ.

ಅಂದಾನೆಪ್ಪನವರು ಗಾದಿಯ ಮೇಲೆ ಕೂತು ಒಂದು ಕಾಯಿ ಮುರಿದು ಮೂಸುತ್ತಿದ್ದರು. ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿದ ಬಾಟಲಿ. ಅದನ್ನು ಮನೆಯಲ್ಲಿಡಲು ಪ್ರೇಮವ್ವ ಒಪ್ಪಿರಲಿಲ್ಲ. ಪ್ರವೀಣ ಕಂಬಕ್ಕೆ ಒರಗಿ ಮೊಬೈಲು ತಿಕ್ಕುತ್ತಿದ್ದ. ಅರುಣಾಳನ್ನು ಕಂಡು ನೆಟ್ಟಗೆ ನಿಂತ.

"ಬಾ ದಾದಾಪೀರ, ಕುಂದ್ರು," ಅಂದರು ಅಂದಾನೆಪ್ಪನವರು. "ನೋಡಿಲ್ಲಿ." ಪೇಪರು ಬಿಚ್ಚಿದರು. ಪ್ರವೀಣಕುಮಾರ, ಶೀಲಾ ಎಂಬ ಅಕ್ಷರಗಳು ಒಣಗಿದ ಗಾಯದ ಹಾಗೆ ಕಂದಾಗಿದ್ದವು. ಕೊರೆದ ಗೆರೆಗಳಿಂದ ಕೆಂಪು ನೀರು ಇಳಿದು ಕಲೆಯಾಗಿತ್ತು. "ಹಿರೇರ ಕಾಲದಿಂದ ನಿನ್ನ ಅಂಗಡೀಗೆ ನಡಕೊಂಡೇವಿ. ನಮಗ ಇಂಥಾ ಮಾಲು ಕೊಡೂದೇನೋ?"

"ಮಾಲು ನಂದಲ್ರಿ, ಸಾಹುಕಾರ್ರ. ಡಬ್ಬಿ ನಿಮ್ಮ ಕಡಿಂದ ಬಂದಾವ. ನಾ ಹೆಸರು ಹಾಕಿಸಿ ಕೊಟ್ಟೇನಿ, ಅಷ್ಟ. ಮಾರ್ಕಿಲ್ಲ ಅಂತ ನಿಮ್ಮ ಹುಡುಗಗ ಆಗಲೇ ಹೇಳಿದ್ವಿ."

ಅಂದಾನೆಪ್ಪನವರು ಮಗನ ಕಡೆ ತಿರುಗಿದರು. ಅರುಣಾಳೂ ಅವನ ಕಡೆ ನೋಡಿದಳು. ಹಿಂದೆ ಪರೀಕ್ಷೆಯ ಹಾಲಿನಲ್ಲಿ ಉತ್ತರ ನೆನಪಾಗದೆ ಅವನು ಅವಳ ಕಡೆ ನೋಡುತ್ತಿದ್ದನಲ್ಲ, ಆಗ ಹೇಗೆ ತುಟಿ ಅಲುಗಿಸಿ ತೋರಿಸುತ್ತಿದ್ದಳೋ ಹಾಗೆ ಈಗಲೂ ಅವಳ ತುಟಿ ತನ್ನಷ್ಟಕ್ಕೆ ಅಲುಗಿತು. ಹೇಳು. ನಾನ ತಂದೆ ಅಂತ ಹೇಳು.

"ಅವರ ಅಂಗಡಿಯಿಂದ್ಲೇ ಬಂದದ್ದಪ್ಪಾ," ಅಂದ ಪ್ರವೀಣ. ದನಿಯಲ್ಲಿ ಎಲ್ಲಿಯೂ ತಡವರಿಕೆ ಇರಲಿಲ್ಲ. "ಬರದಾಕೀನೂ ಇಲ್ಲೇ ಅದಾಳ, ಕೇಳ್ರಿ ಬೇಕಾದ್ರ. ಏನ ಹಚ್ಚಿ ಬರೀತಾರೋ ಏನೋ."

"ಯಾ ಅಲ್ಲಾ!" ದಾದಾಪೀರರು ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಅರುಣಾಳಿಗೆ ಸಿಟ್ಟು ಬರಲಿಲ್ಲ. ಅವಳು ಅವನ ಮುಖದಲ್ಲಿ ಆ ಸ್ಟೇಷನ್ನಿನ ಹುಡುಗನನ್ನು ಹುಡುಕುತ್ತಲೇ ಇದ್ದಳು.

ಆಗ ಹೆಂಗಸರ ಸಾಲಿನಿಂದ ಒಂದು ಸೆರಗು ಸರಿಯಿತು. "ಯವ್ವಾ, ಅರುಣಾ! ನೀ ಇಲ್ಲೆಲ್ಲಿ?" ಮಂಗಳವ್ವ ಮಡಿಲು ಕೊಡವಿಕೊಂಡು ಎದ್ದು ಬಂದಳು. ಮಗಳು ಸಾಹುಕಾರರ ಎದುರು ನಿಂತದ್ದು ಅವಳಿಗೆ ಒಂದು ರೀತಿಯ ಸಂಭ್ರಮವೇ ಆಗಿತ್ತು. ಬಾಟಲಿಯನ್ನು ನೋಡಿ ಲೊಚಗುಟ್ಟಿದಳು. "ಅಯ್ಯ, ಹಿಂಗ್ಯಾಕಾತ್ರಿ ಇದು? ಇಳಿಸಿದಾಗ ಎಷ್ಟು ಚಂದ ಇದ್ದುವಲ್ರಿ."

"ಯಾವಾಗ ಇಳಿಸಿದಾಗ?" ಅಂದರು ಅಂದಾನೆಪ್ಪನವರು.

"ಹೋದ ವಾರ್ರಿ, ಯಜಮಾನ್ರ. ಸಣ್ಣ ಸಾಹುಕಾರ್ರು ಹುಬ್ಬಳ್ಳಿಯಿಂದ ಗಾಡಿ ತುಂಬ ತಂದಿದ್ರಲ್ರಿ. ನಾವ ಹೆಂಗಸ್ರು ಇಳಿಸಿ ಹಿಂದಿನ ಗೋದಾಮಿನ್ಯಾಗ ಇಟ್ಟೇವಿ. ನಿಮಗ ಕೊಡಾವು ಇವು ಅಂತ ನಮಗ ತೋರಿಸಿನೂ ತೋರಿಸಿದ್ರು." ಮಂಗಳವ್ವ ಪ್ರವೀಣನ ಕಡೆ ನೋಡಿ ಮುಖ ತುಂಬ ನಕ್ಕಳು. ಅದು ಉಪಕಾರ ನೆನೆಯುವ ನಗು.

ಪಡಸಾಲೆಯಲ್ಲಿ ತೊಟ್ಟು ಬಿಡಿಸುವ ಸದ್ದು ನಿಂತಿತು.

"ಹೌದೇನೋ?" ಅಂದರು ಅಂದಾನೆಪ್ಪನವರು.

"ಆಕಿಗೇನ ಗೊತ್ತಪ್ಪಾ? ಅದು ಬ್ಯಾರೆ ಡಬ್ಬಿ. ಕೂಲಿಯಾಕಿ ಮಾತು ಏನ ಕೇಳ್ತಿ?"

ಮಂಗಳವ್ವನ ನಗು ಹಾಗೇ ಮುಖದ ಮೇಲೆ ಉಳಿಯಿತು. ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಅರುಣಾ ಒಂದು ಹೆಜ್ಜೆ ಮುಂದೆ ಬಂದಳು. ಅವ್ವನ ತೋಳು ಹಿಡಿದಳು. ಇವನಿಗೆ ಅವ್ವನನ್ನು ಪರಿಚಯ ಮಾಡಿಕೊಡುವ ದಿನವನ್ನು ಅವಳು ವರ್ಷಗಟ್ಟಲೆ ಮನಸ್ಸಿನಲ್ಲಿ ಆಡಿ ನೋಡಿದ್ದಳು. ಅವ್ವ ಯಾವ ಸೀರೆ ಉಟ್ಟಿರುತ್ತಾಳೆ, ಅವನು ಹೇಗೆ ಬಗ್ಗಿ ಕಾಲು ಮುಟ್ಟುತ್ತಾನೆ, ಅವ್ವ ಹೇಗೆ ನಾಚಿ ಹಿಂದೆ ಸರಿಯುತ್ತಾಳೆ, ಎಲ್ಲವನ್ನೂ.

"ಪ್ರವೀಣ," ಅಂದಳು, "ಇವ್ರು ನಮ್ಮವ್ವ."

ಪ್ರವೀಣ ಕಣ್ಣು ಎತ್ತಿದವನು ಮತ್ತೆ ಇಳಿಸಿದ. ಅವನ ಹೆಸರು ಅಷ್ಟು ಸಲಿಗೆಯಿಂದ ಅವಳ ಬಾಯಲ್ಲಿ ಬಂದದ್ದನ್ನು ಅಂದಾನೆಪ್ಪನವರು ಕೇಳಿಸಿಕೊಂಡರು.

"ನಮ್ಮವ್ವ ಸುಳ್ಳು ಹೇಳೂದಿಲ್ರಿ, ಯಜಮಾನ್ರ," ಅರುಣಾ ಅವರ ಕಡೆ ತಿರುಗಿದಳು. "ನಾ ಏನೂ ಹಚ್ಚಿಲ್ಲ. ಹಚ್ಚಾಕ ನನ್ನ ಕಡೆ ಏನೂ ಇರೂದಿಲ್ಲ, ಬರೇ ಪೆನ್ನು. ಅದು ಕೊರದಲ್ಲಿ ಒಳಗಿನ ಸ್ಟೀಲು ಬಯಲಿಗೆ ಬಂದೈತಿ, ಅಷ್ಟ. ಇವ್ರೆಲ್ಲಾ ಇದರಾಗ ಮಜ್ಜಿಗಿ, ಹುಣಸಿ ನೀರು ತುಂಬ್ಕೊಂಡು ಬಿಸಲಾಗ ದಿನಾ ಕುಂದ್ರತಾರ್ರಿ. ಬರೇ ನೀರಿಗೇ ಹಿಂಗಾದ್ರ ಹುಳಿಗೆ ಏನಾದೀತು? ಒಳಗ ಏನ ಬಿಡತೈತಿ ಅಂತ ಯಾರೂ ತಪಾಸ ಮಾಡಿಲ್ಲ. ನನ್ನ ಕೈಗೆ ಏನ ಬೇಕಾದ್ರೂ ಅನ್ರಿ. ಇವನ್ನ ಮಾತ್ರ ಹಂಚಬ್ಯಾಡ್ರಿ."

ಜನ್ಮದಲ್ಲಿ ಅವಳು ಒಮ್ಮೆಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಅಂದಾನೆಪ್ಪನವರು ಬಾಟಲಿಯ ಮುಚ್ಚಳ ತಿರುವಿ ಒಳಗೆ ಮೂಗಿಟ್ಟರು, ಮೆಣಸಿನಕಾಯಿ ಮೂಸುವಂತೆಯೇ. ಮುಖ ಕಿವುಚಿದರು.

"ಎಣ್ಣಿ ಸವರಿ ಬಣ್ಣ ತರಿಸಿದ ಕಾಯಿ ಬೇಕಾದಷ್ಟು ನೋಡೇನಿ. ಇದು ಅದರ ತಮ್ಮ," ಅಂದರು. ಮಗನ ಕಡೆ ನೋಡಲಿಲ್ಲ. "ದಾದಾಪೀರ, ಇವನ್ನೆಲ್ಲಾ ಗುಜರಿ ಮೋಡಕಾಕ ಹಾಕಸ್ತೇನಿ. ಮಾರ್ಕ್ ಇದ್ದದ್ದು ನೀನ ತರಿಸಿ ಕೊಡು. ಬೀಗರಿಗೆ ಎಂಥಾವೋ ಇವರಿಗೂ ಅಂಥಾವ. ತಪ್ಪಾತು ತಗೋ."

"ದೊಡ್ಡ ಮಾತ್ರಿ, ಸಾಹುಕಾರ್ರ."

"ಆದ್ರ ಒಂದು." ಅವರು ಅರುಣಾಳನ್ನು ನೋಡಿ, ನೋಡಲಾರದವರ ಹಾಗೆ ಕೈಯಲ್ಲಿದ್ದ ಕಾಯಿಯ ಕಡೆ ನೋಡಿದರು. "ಹೆಸರು ಬ್ಯಾರೆಯವ್ರ ಕಡಿಂದ ಹಾಕಸು. ಈ ಹೆಣ್ಣಮಗಳದು ಏನೂ ತಪ್ಪಿಲ್ಲ, ನನಗ ಗೊತ್ತೈತಿ. ಆದ್ರ ನಮ್ಮಾಕಿ ಮನಸ್ಸಿನ್ಯಾಗ ಕುಂತು ಬಿಟ್ಟೈತಿ. ಮದುವಿ ಮನಿ ನೋಡು."

ಅರುಣಾ ಹೂಂ ಎಂದು ತಲೆಯಾಡಿಸಿದಳು.

ಯಾರ್ಡಿನ ಗೇಟಿನ ಹತ್ತಿರ ಪ್ರವೀಣ ಹಿಂದಿನಿಂದ ಬಂದು ಅವಳನ್ನು ತಡೆದ. ದಾದಾಪೀರರು ವ್ಯಾನು ತರಲು ಹೋಗಿದ್ದರು.

"ಸಮಾಧಾನ ಆತೇನು? ಅಪ್ಪನ ಮುಂದ, ಕೂಲಿಯವರ ಮುಂದ ನನ್ನ ಮರ್ಯಾದಿ ತಗದಿ. ಇದಕ್ಕ ಕಾಯ್ಕೊಂಡ ಕುಂತಿದ್ದಿ ಅಲ್ಲ? ಈ ಮದುವಿ ನಿನಗ ನೋಡಾಕ ಆಗವಲ್ದು, ಅದನ್ನ ಹೇಳು ಮೊದಲ."

ಅವಳಿಗೆ ಕೇಳುವುದು ಒಂದೇ ಇತ್ತು.

"ಆವತ್ತ ಸ್ಟೇಷನ್ನಿನ್ಯಾಗ ಅತ್ತಿದ್ದಿ ಅಲ್ಲ, ಅದಾದ್ರೂ ಖರೇ ಇತ್ತೇನು?"

ಪ್ರವೀಣ ಹುಬ್ಬು ಗಂಟಿಕ್ಕಿದ. ನಟನೆಯಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡುತ್ತಿದ್ದ.

"ಯಾವತ್ತ?" ಅಂದ.

ಅವನು ಏನೋ ಇನ್ನೂ ಹೇಳುತ್ತಿದ್ದ, ಚೀಲ ಹೊತ್ತ ಹಮಾಲನೊಬ್ಬ "ದಾರಿ ಬಿಡ್ರಿ, ದಾರಿ ಬಿಡ್ರಿ" ಎನ್ನುತ್ತ ಇಬ್ಬರ ನಡುವೆ ಹಾದುಹೋದ. ಹಮಾಲ ದಾಟಿ ಹೋಗುವಷ್ಟರಲ್ಲಿ ಪ್ರವೀಣನೂ ಹೊರಟುಹೋಗಿದ್ದ.

ದಾದಾಪೀರರ ಜೊತೆ ಅವಳು ವ್ಯಾನು ಹತ್ತಲಿಲ್ಲ. "ನೀವು ನಡೀರಿ, ಚಾಚಾ. ಅವ್ವನ ಕೂಡ ರೈಲಿಗೆ ಬರ್ತೇನಿ" ಅಂದಳು. ಚಾಚಾ ಅವಳ ಮುಖ ನೋಡಿ, ತಲೆಯ ಮೇಲೆ ಕೈಯಿಟ್ಟು ಹೊರಟರು.

ಸಂಜೆ ಬ್ಯಾಡಗಿ ಸ್ಟೇಷನ್ನಿನಲ್ಲಿ ತಾಯಿ ಮಗಳು ಬುತ್ತಿಚೀಲವನ್ನು ನಡುವೆ ಇಟ್ಟುಕೊಂಡು ಕೂತರು. ಹಳಿಯ ಆ ಕಡೆ ಕೋಲ್ಡ್ ಸ್ಟೋರೇಜಿನ ಗೋಡೆಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಹೋದ ವರ್ಷ ಮಗಳು ತಿಂಗಳುಗಟ್ಟಲೆ ಕಣ್ಣುನೋವೆಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ್ದನ್ನು ಮಂಗಳವ್ವ ಈಗ ಬೇರೆ ರೀತಿಯಿಂದ ಲೆಕ್ಕ ಹಾಕುತ್ತಿದ್ದಳೋ ಏನೋ.

"ಆ ಹುಡುಗಗ ನಿನ್ನ ಗುರುತು ಇತ್ತೇನವಾ?" ಎಂದು ಕೊನೆಗೆ ಕೇಳಿದಳು.

"ಇತ್ತು ಅಂತ ತಿಳ್ಕೊಂಡಿದ್ದೆ, ಯವ್ವಾ."

ಅಷ್ಟು ಹೇಳಿದ್ದೇ ತಡ, ಇಡೀ ವರ್ಷ ಯಾರ ಮುಂದೆಯೂ ಬಾರದ ಅಳು ಬಂತು. ಅವನು ಹೋದದ್ದಕ್ಕೆ ಅವಳು ಹೋದ ವರ್ಷವೇ ಅತ್ತು ಮುಗಿಸಿದ್ದಳು. ಈಗ ಹೋದವನು ಇನ್ನೊಬ್ಬ, ಆ ಕಲ್ಲುಬೆಂಚಿನ ಮೇಲೆ ಅವಳ ವೇಲಿನಿಂದ ಮೂಗು ಒರೆಸಿಕೊಂಡವನು. ಅವನು ಹೋಗಲು ಯಾವ ಮನೆಯವರೂ ಅಡ್ಡ ಬಂದಿರಲಿಲ್ಲ. ಅಂಥವನು ಇರಲೇ ಇಲ್ಲ.

ಮಂಗಳವ್ವ ಮಗಳ ಕಣ್ಣೊರೆಸಲು ಕೈ ಎತ್ತಿದವಳು ಅರ್ಧಕ್ಕೇ ತಡೆದು ಹಿಂದಕ್ಕೆಳೆದುಕೊಂಡಳು. ದಿನವಿಡೀ ಮೆಣಸಿನಕಾಯಿ ಮುಟ್ಟಿದ ಕೈ. ಸೋಪು ಹಚ್ಚಿ ಎಷ್ಟು ತೊಳೆದರೂ ಆ ಖಾರ ರಾತ್ರಿಯವರೆಗೆ ಬಿಡುವುದಿಲ್ಲ. ಮಗಳು ಕೂಸಾಗಿದ್ದಾಗಲೂ ಸೀಜನ್ನು ಮುಗಿಯುವವರೆಗೆ ಅವಳ ಮುಖ ಮುಟ್ಟುತ್ತಿರಲಿಲ್ಲ ಅವಳು. ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಮಗಳ ಕಡೆ ವಾಲಿ, ಭುಜದಿಂದ ಅವಳ ಕೆನ್ನೆ ಒತ್ತಿದಳು. ಸೆರಗಿನಲ್ಲೂ ಖಾರವೇ ಇತ್ತು. ಅದೂ ಸರಿಯಾಗಲಿಲ್ಲ.

ಅರುಣಾ ಅವ್ವನ ಬೆನ್ನ ಹಿಂದಿದ್ದ ಒಂದು ಕೈಯನ್ನು ಎಳೆದು ತಂದು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಬಿಡ ಹುಚ್ಚಿ, ಉರೀತೈತಿ."

"ಉರೀಲಿ ಬಿಡವ್ವಾ," ಅಂದಳು ಅರುಣಾ.

ಮಂಗಳವ್ವ ಕೈ ತೆಗೆಯಲಿಲ್ಲ.